ನಿಮಗಿದು ಗೊತ್ತೆ? ರಾಣಿಜೇನಿನ ರೆಕ್ಕೆಗೂ ಕತ್ತರಿ!

ಕಡೂರು, ತರೀಕೆರೆ, ಅಜ್ಜಂಪುರದ ಅಡಿಕೆ, ತೆಂಗಿನ ತೋಟಗಳಲ್ಲಿ ಪೆಟ್ಟಿಗೆಯಲ್ಲಿಟ್ಟು ಸಾಕುವ ತುಡುವೆ ಜೇನಿಗೆ ಹಾರಿಹೋಗುವ ಚಾಳಿ ಹೆಚ್ಚು. ಅದನ್ನು ತಡೆಯಲು ಕೆಲವರು ರಾಣಿಯ ಒಂದು ಮುಂದಿನ ರೆಕ್ಕೆಯ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಾರೆ. ಅದು ಮತ್ತೆ ಬೆಳೆಯುವುದಿಲ್ಲ. ರಾಣಿ ಗಂಡುನೊಣಗಳೊಂದಿಗೆ ಕೂಡುವುದು ಹಾರುತ್ತಲೇ. ಹಾಗಾಗಿ ಇನ್ನೂ ಮೊಟ್ಟೆಯಿಡದ ರಾಣಿಯ ರೆಕ್ಕೆ ಮುಟ್ಟಿದರೆ ಕುಟುಂಬವೇ ಹಾಳು.

ಇಷ್ಟಾದರೂ ಜೇನು ಪಾಲಾಗುವುದು, ಅಂದರೆ ಕುಟುಂಬ ಒಡೆದು ಒಂದು ಹಿಂಡು ಹೊರಡುವುದು, ನಿಲ್ಲುತ್ತದೆಯೆ? ಇಲ್ಲ. ಹಿಂಡು ಹೊರಡುತ್ತದೆ, ರಾಣಿ ಪೆಟ್ಟಿಗೆಯ ಮುಂದೆಯೇ ನೆಲಕ್ಕೆ ಬೀಳುತ್ತದೆ, ಅದು ಕಾಣದೆ ಕೆಲಸಗಾರ ನೊಣಗಳು ಮರಳುತ್ತವೆ. ಬಿದ್ದ ರಾಣಿ ಬಹುತೇಕ ಇರುವೆಯ ಪಾಲು. ಸುಮಾರು ಒಂದು ವಾರದಲ್ಲಿ ಹೊಸ ರಾಣಿ ಹುಟ್ಟಿತೆಂದರೆ ಹಿಂಡು ಅದರ ಜೊತೆ ಹೊರಟೇಬಿಡಬಹುದು. ಅಂದರೆ ಕತ್ತರಿಯಿಂದ ಸಿಗುವುದು ವಾರದ ಗಡುವು, ಅಷ್ಟೇ!

ಅದಕ್ಕಿಂತ, ಪಾಲಾಗುವ ಕಾಲದಲ್ಲಿ ವಾರಕ್ಕೊಮ್ಮೆ ಎರಿ ತೆಗೆದು ನೋಡಿ, ಹೊಸ ರಾಣಿ ಬೆಳೆಯುವ ರಾಣಿಕೋಶ ಕಂಡರೆ ನಾವೇ ಕುಟುಂಬವನ್ನು ಎರಡು ಪೆಟ್ಟಿಗೆಗೆ ಹಂಚುವುದು ಮೇಲು. ಹೊಸದಾಗಿ ಹಿಡಿದು ತಂದ ಜೇನಿಗೆ ಕೆಲವು ದಿನ ಬಾಗಿಲಲ್ಲಿ ರಾಣಿ ತಡೆಗೇಟು ಹಾಕಬಹುದು. ಕೆಲಸಗಾರ ನೊಣ ನುಸುಳುತ್ತದೆ, ದಪ್ಪ ರಾಣಿ ನುಸುಳಲಾರದು. ಒಳಗಿರುವುದು ಇನ್ನೂ ಕೂಡದ ಕನ್ನೆ ರಾಣಿಯಾದರೆ ಮಾತ್ರ ಗೇಟು ಹಾಕಬೇಡಿ; ಕೂಡಲು ಅದು ಹೊರಗೆ ಹಾರಲೇಬೇಕು.