ಸ್ವಂತ ಜಾಲತಾಣಕ್ಕೆ ಬೇಕಾದ ಸಾಮಗ್ರಿ

ಒಂದು ಜಾಲತಾಣ ನಡೆಯಲು ಮೂರು ಸಂಗತಿ ಬೇಕು: ಬರೆದಿಟ್ಟ ಪುಟಗಳು, ಕೇಳಿದವರಿಗೆಲ್ಲ ಆ ಪುಟಗಳನ್ನು ಹಗಲಿರುಳು ಕಳಿಸುವ ಸರ್ವರ್, ಆ ಸರ್ವರಿಗೆ ದಾರಿ ತೋರುವ ಹೆಸರು. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಿಂದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೆರೆದಿಟ್ಟ ಮೊದಲ ತಾಣದಲ್ಲಿ ಇದ್ದದ್ದೂ ಇಷ್ಟೇ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕ ಕೊಡದೆ ಬಳಸಲು ಬಿಟ್ಟುಕೊಟ್ಟಿತು. ಇಂದು ಮೊದಲೆರಡೂ ಪುಕ್ಕಟೆಯಾಗಿ ಸಿಗುತ್ತವೆ. ಸ್ವಂತದ ಹೆಸರು ಬೇಕೆಂದರೆ ಮಾತ್ರ ವರ್ಷವರ್ಷವೂ ಹಣ ಕಟ್ಟಬೇಕು.

ಈ ಹೆಸರಿಗೆ ಡೊಮೈನ್ ಎನ್ನುತ್ತಾರೆ. ಅದನ್ನು ಕೊಂಡೆವು ಎನ್ನುವುದು ಮಾತಿನ ರೂಢಿ ಮಾತ್ರ; ವಾಸ್ತವದಲ್ಲಿ ಅದು ಬಾಡಿಗೆ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಹಿಡಿದಿಟ್ಟುಕೊಳ್ಳಬಹುದು. ಭಾರತದ ಡಾಟ್ ಇನ್ ಹೆಸರುಗಳ ಉಸ್ತುವಾರಿ ನಿಕ್ಸಿ ಸಂಸ್ಥೆಯದು. ಹೆಸರು ನೋಂದಾಯಿಸಿಕೊಡಲು ಅದು ಮಾನ್ಯ ಮಾಡಿದ ರಿಜಿಸ್ಟ್ರಾರ್‌ಗಳ ಪಟ್ಟಿ ಅದರ ತಾಣದಲ್ಲೇ ಇದೆ. ಮೊದಲ ವರ್ಷ ಅಗ್ಗದ ದರ ತೋರಿಸಿ ನವೀಕರಣಕ್ಕೆ ದುಬಾರಿ ಕೇಳುವ ವ್ಯಾಪಾರ ಸಾಮಾನ್ಯ, ಹಾಗಾಗಿ ನೋಡಬೇಕಾದದ್ದು ಎರಡನೆಯ ವರ್ಷದ ದರ. ತಾಣ ಕಟ್ಟಿಕೊಡುವವರು ತಮ್ಮ ಖಾತೆಯಲ್ಲೇ ಹೆಸರು ನೋಂದಾಯಿಸಿಬಿಟ್ಟರೆ ಮುಂದೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ನೋಂದಣಿ ಮಾಲೀಕರ ಇಮೇಲಿನಲ್ಲೇ ಆಗಬೇಕು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಕೊನೆಗೊಳ್ಳುವ ಹೆಸರುಗಳೂ ಸಿಗುತ್ತವೆ. ನೋಡಲು ಚೆಂದ, ಆದರೆ ಇಂಥ ವಿಳಾಸವನ್ನು ಒಪ್ಪದ ಅರ್ಜಿ ನಮೂನೆಗಳು, ಮೇಲ್ ವ್ಯವಸ್ಥೆಗಳು ಇನ್ನೂ ಇವೆ. ಸದ್ಯಕ್ಕೆ ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳುವುದು ಮೇಲು.

ಪುಟ ಬರೆಯಲು ಕಲಿಯಬೇಕಾದ ಭಾಷೆಗಳು ಮುಖ್ಯವಾಗಿ ಎರಡು. ಯಾವುದು ತಲೆಬರಹ, ಯಾವುದು ಪ್ಯಾರಾ ಎಂದು ಎಚ್‌ಟಿಎಂಎಲ್ ಹೇಳುತ್ತದೆ; ಅವು ಹೇಗೆ ಕಾಣಬೇಕೆಂದು ಸಿಎಸ್‌ಎಸ್ ಹೇಳುತ್ತದೆ. ಸಾಧಾರಣ ವೈಯಕ್ತಿಕ ತಾಣಕ್ಕೆ ಜಾವಾಸ್ಕ್ರಿಪ್ಟ್ ಇಲ್ಲದೆಯೂ ಸಾಗುತ್ತದೆ. ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ಎಂಡಿಎನ್, ಈ ವಿಷಯದಲ್ಲಿ ನೆಚ್ಚಬಹುದಾದ ಆಕರ. ಹೊಸಬರಿಗೆಂದೇ ಅಲ್ಲಿ ಪಾಠಗಳ ಸರಣಿಯಿದೆ. ನಾರ್ವೆಯ ಕಂಪನಿಯೊಂದರ ಡಬ್ಲ್ಯು3ಸ್ಕೂಲ್ಸ್ ಇನ್ನೂ ಸರಳ. ಆದರೆ ಹೆಸರು ನೋಡಿ ಅದನ್ನು ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟದ್ದೆಂದು ತಿಳಿಯಬಾರದು, ಅವೆರಡಕ್ಕೂ ಸಂಬಂಧವಿಲ್ಲ. ಓದುವುದಕ್ಕಿಂತ ಮಾಡಿ ಕಲಿಯುವವರಿಗೆ 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಒಗ್ಗುತ್ತದೆ. ಈ ಮೂರೂ ಮುಖ್ಯವಾಗಿ ಇಂಗ್ಲಿಷಿನವು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಎಷ್ಟೋ ಪಾಠಗಳು ಕನ್ನಡದಲ್ಲಿ ಕೇಳಸಿಗುತ್ತವೆ.

ಪುಟಗಳನ್ನು ಇಡುವ ಜಾಗದ ಆಯ್ಕೆಯಲ್ಲಿ ಹಳೆಯ ಒಂದು ಘಟನೆಯನ್ನು ನೆನೆಯುವುದು ಲೇಸು. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಲಕ್ಷಾಂತರ ಮಂದಿಗೆ ಪುಕ್ಕಟೆ ಜಾಗ ಕೊಟ್ಟಿತ್ತು. ಆಮೇಲೆ ಅದು ಯಾಹೂ ಕೈಸೇರಿ, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್ ಮತ್ತು ಕೆಲವು ಉತ್ಸಾಹಿಗಳು ಹರಸಾಹಸಪಟ್ಟು ಉಳಿಸಿಕೊಂಡಷ್ಟೇ ಈಗ ಉಳಿದಿದೆ. ಪುಕ್ಕಟೆ ಜಾಗ ಬಳಸುವುದು ತಪ್ಪಲ್ಲ. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹೊರಡಲು ಆಗುತ್ತದೆಯೇ ಎಂಬುದನ್ನು ಮೊದಲೇ ನೋಡಬೇಕು. ಈ ಲೆಕ್ಕದಲ್ಲಿ ಗಿಟ್‌ಹಬ್ ಪೇಜಸ್ ಒಳ್ಳೆಯದು. ತಾಣದ ಎಲ್ಲ ಕಡತಗಳೂ ಬರೆದವರ ಕಂಪ್ಯೂಟರಿನಲ್ಲಿಯೇ ಇರುತ್ತವೆ, ಅಲ್ಲಿಗೆ ಹೋಗುವುದು ನಕಲು. 1 ಜಿಬಿ ವರೆಗಿನ ತಾಣವನ್ನು ಅದು ಪುಕ್ಕಟೆ ಇರಿಸಿಕೊಳ್ಳುತ್ತದೆ, ಸ್ವಂತ ಡೊಮೈನ್ ಜೋಡಿಸಲು ಬಿಡುತ್ತದೆ. ಡೇಟಾಬೇಸ್ ಬೇಡುವ ತಾಣ ಮಾತ್ರ ಅಲ್ಲಿ ನಡೆಯದು. ಜಿಯೋಸಿಟೀಸ್‌ನ ನೆನಪಲ್ಲೇ 2013ರಲ್ಲಿ ಬಂದ ನಿಯೋಸಿಟೀಸ್‌ನಲ್ಲಿ ಕಡತಗಳನ್ನು ಬ್ರೌಸರಿನಲ್ಲೇ ತಿದ್ದಬಹುದು.

ಕೋಡ್ ಬೇಡವೇ ಬೇಡ ಎನ್ನುವವರಿಗೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಇವೆ. ವರ್ಡ್‌ಪ್ರೆಸ್ ಹೆಸರಿನಲ್ಲಿ ಎರಡು ಬಗೆ: ಡಾಟ್ ಆರ್ಗ್‌ನಲ್ಲಿ ಸಿಗುವುದು 2003ರಲ್ಲಿ ಬಂದ ಮುಕ್ತ ತಂತ್ರಾಂಶ, ಬೇಕಾದ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಡಾಟ್ ಕಾಮ್ ಎನ್ನುವುದು ಕಂಪನಿಯೊಂದು ಅದೇ ತಂತ್ರಾಂಶ ಬಳಸಿ ಕೊಡುವ ಸೇವೆ. ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಅನುಕೂಲ ಇವೆಲ್ಲದರಲ್ಲೂ ಇದೆ. ಆ ಗುಂಡಿಯನ್ನು ಆಗಾಗ ಒತ್ತುತ್ತಿರಬೇಕು.

ಕನ್ನಡದ ತಾಣಕ್ಕೆ ಬೇರೆಯದೇ ತೊಡಕುಗಳಿವೆ, ಸಿದ್ಧ ಪಾಠಗಳಲ್ಲಿ ಅವುಗಳ ಪ್ರಸ್ತಾಪ ಕಡಿಮೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಠ್ಯ ಕಂಪ್ಯೂಟರಿಗೆ ಕನ್ನಡವೇ ಅಲ್ಲ; ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಅದನ್ನು ಎಲ್ಲ ಲಿಪಿಗಳಿಗೂ ಸಮಾನ ಸಂಕೇತವಾದ ಯೂನಿಕೋಡ್‌ಗೆ ತರುವ ಪುಕ್ಕಟೆ ಪರಿವರ್ತಕಗಳು ಜಾಲದಲ್ಲಿವೆ. ಆ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರದ ಬಳಿಕ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ; ಪರಿವರ್ತನೆ ಮುಗಿದ ಮೇಲೆ ಇಂಥ ಕಡೆ ಕರಡು ತಿದ್ದಲೇಬೇಕು. ಪುಟದ ಆರಂಭದಲ್ಲಿ ಅಕ್ಷರಗಳ ಎನ್‌ಕೋಡಿಂಗ್ ಯುಟಿಎಫ್-8 ಎಂದೂ ಭಾಷೆಯ ಸಂಕೇತ ಕೆಎನ್ ಎಂದೂ ನಮೂದಿಸುವುದು ಎರಡೇ ಸಾಲಿನ ಕೆಲಸ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಆ ಸಂಕೇತವನ್ನು ನೋಡಿಯೇ ಕನ್ನಡದ ದನಿಯನ್ನು ಆರಿಸಿಕೊಳ್ಳುತ್ತದೆ.

ಅಕ್ಷರರೂಪಗಳಿಗೆ ಗೂಗಲ್ ಫಾಂಟ್ಸ್ ಹೇರಳವಾದ ಆಕರ. ಉದ್ದದ ಓದಿಗೆ ನೋಟೋ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ ಹೊಂದುತ್ತವೆ. ಇವುಗಳ ಪರವಾನಗಿ ಮುಕ್ತವಾದ್ದರಿಂದ ಫಾಂಟ್ ಕಡತವನ್ನು ಸ್ವಂತ ತಾಣದಲ್ಲೇ ಇಟ್ಟುಕೊಳ್ಳಬಹುದು. ಓದುಗರ ವಿವರ ಮೂರನೆಯವರಿಗೆ ಹೋಗದಂತೆ ಇದು ತಡೆಯುತ್ತದೆ. ಇಂಗ್ಲಿಷಿಗೆಂದು ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಅಕ್ಷರದ ಅಳತೆಯ 1.7 ಪಟ್ಟಿನಷ್ಟು ಅಂತರ ಕೊಟ್ಟರೆ ಕಣ್ಣಿಗೆ ಹಿತ. ಒತ್ತು ಕೊಡಲು ಇಟಾಲಿಕ್ ಬಳಸಿದರೆ ಬ್ರೌಸರ್ ಕನ್ನಡದ ಅಕ್ಷರಗಳನ್ನು ಸುಮ್ಮನೆ ಓರೆ ಮಾಡಿಬಿಡುತ್ತದೆ, ಅದು ಎಂದೂ ಚೆನ್ನಾಗಿ ಕಾಣದು.

ಚಿತ್ರಗಳಿಗೆ 2004ರಿಂದ ಇರುವ ವಿಕಿಮೀಡಿಯ ಕಾಮನ್ಸ್ ಇದೆ. ಪುಕ್ಕಟೆ ಎಂದರೆ ಷರತ್ತಿಲ್ಲವೆಂದಲ್ಲ. ಬಹುತೇಕ ಚಿತ್ರಗಳಿಗೆ ತೆಗೆದವರ ಹೆಸರು, ಪರವಾನಗಿ ಎರಡನ್ನೂ ನಮೂದಿಸಬೇಕು.

ತಾಣ ಸಿದ್ಧವಾದ ಮೇಲೆ ಪರೀಕ್ಷೆ. ಎಚ್‌ಟಿಎಂಎಲ್ ತಪ್ಪುಗಳನ್ನು ಡಬ್ಲ್ಯು3ಸಿಯ ವ್ಯಾಲಿಡೇಟರ್ ಸಾಲಿನ ಸಂಖ್ಯೆ ಸಹಿತ ತೋರಿಸುತ್ತದೆ. ಪುಟ ತಡವಾಗಿ ತೆರೆಯಲು ಕಾರಣವೇನೆಂದು ಕ್ರೋಮ್ ಬ್ರೌಸರಿನೊಳಗಿನ ಲೈಟ್‌ಹೌಸ್ ಹೇಳುತ್ತದೆ, ಹೆಚ್ಚಿನ ಸಲ ಅದು ಕುಗ್ಗಿಸದೆ ಹಾಕಿದ ಫೋಟೊ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗಲು ಬೇಕಾದ ಸುರಕ್ಷತೆಯ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಪುಕ್ಕಟೆ ಕೊಡುತ್ತಿದೆ, ಅದಕ್ಕೆಂದು ಹಣ ಕೇಳುವ ಹೋಸ್ಟಿಂಗ್ ಕಂಪನಿಯನ್ನು ಬಿಟ್ಟುಬಿಡಬಹುದು. ಗೂಗಲ್ ಹುಡುಕಾಟದಲ್ಲಿ ತಾಣ ಕಾಣಿಸುತ್ತಿದೆಯೇ ಎಂದು ಸರ್ಚ್ ಕನ್ಸೋಲ್‌ನಲ್ಲಿ ತಿಳಿಯುತ್ತದೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ವಿಳಾಸ ಕೊಟ್ಟರೆ ಆ ದಿನದ ಪ್ರತಿಯೊಂದು ಅಲ್ಲಿ ದಾಖಲಾಗುತ್ತದೆ; ಹೊಸ ಬರಹ ಹಾಕಿದಾಗಲೆಲ್ಲ ಇದನ್ನು ಮಾಡಲು ಖಾತೆಯೂ ಬೇಕಿಲ್ಲ.