ಹಲಗೆ ಏರಿ ಬಂದ ಪಾದ್ರಿ

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸೆಂಟ್ರಲ್ ಬೈಬಲ್ ಚರ್ಚ್ 1987ರಲ್ಲಿ ತನ್ನ ಪಾರ್ಕಿಂಗ್ ಜಾಗವನ್ನು ಊರಿನ ‘ಪುಂಡ’ ಹುಡುಗರಿಗೆ ಬಿಟ್ಟುಕೊಟ್ಟಿತು. ಸ್ಕೇಟ್‌ಬೋರ್ಡ್ ಹಿಡಿದು ಅಂಗಡಿ ಮುಂಗಟ್ಟು, ಕಚೇರಿ ಮೆಟ್ಟಿಲು, ಕಟ್ಟೆ ಎನ್ನದೆ ಜಾರಾಡಿ, ಹೋದಲ್ಲೆಲ್ಲ ಬೈಸಿಕೊಂಡು ಬರುತ್ತಿದ್ದ ಹುಡುಗರು ಅವರು. ಚರ್ಚಿನ ಅಂಗಳದಲ್ಲಿ ಅವರನ್ನು ಓಡಿಸುವವರಿರಲಿಲ್ಲ. ಷರತ್ತು ಒಂದೇ: ಆಟದ ನಡುವೆ ಹಲಗೆ ಬದಿಗಿಟ್ಟು ಒಂದಿಷ್ಟು ಹೊತ್ತು ಬೈಬಲ್ಲಿನ ಮಾತು ಕೇಳಬೇಕು. ಆಮೇಲೆ ಮತ್ತೆ ಆಟ. ‘ಸ್ಕೇಟ್‌ಚರ್ಚ್’ ಎಂದೇ ಹೆಸರಾದ ಈ ಪದ್ಧತಿಯನ್ನು ಮುಂದೆ ಬೇರೆ ಊರು, ಬೇರೆ ದೇಶಗಳ ಚರ್ಚುಗಳೂ ತಮಗೆ ಬೇಕಾದಂತೆ ಬಳಸಿಕೊಂಡವು.

ಆಟದ ಬೆನ್ನೇರಿ ಸುವಾರ್ತೆ ಬಂದದ್ದು ಅದೇ ಮೊದಲೇನಲ್ಲ. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ. ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೈವಶಾಸ್ತ್ರ ಓದಿದವರು. ಅದೇ ಕಾಲಕ್ಕೆ ಶ್ರೀನಗರದ ಮಿಷನ್ ಶಾಲೆಗೆ ಮಿಷನರಿ ಟಿಂಡೇಲ್ ಬಿಸ್ಕೋ ಫುಟ್‌ಬಾಲ್ ತಂದರೆ, ಚೆಂಡು ತೊಗಲಿನದು ಎಂದು ಪಂಡಿತರ ಮಕ್ಕಳು ಮುಟ್ಟಲೊಲ್ಲರು. ಕೊನೆಗೆ ಮೇಷ್ಟ್ರುಗಳಿಗೆ ಕೋಲು ಹಿಡಿಸಿ ನಿಲ್ಲಿಸಿ ಆಡಿಸಬೇಕಾಯಿತು. ದಾರಿ ಆಟವೊಂದೇ ಆಗಿರಲಿಲ್ಲ: 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಹಂಚು, ನೇಯ್ಗೆ, ಮುದ್ರಣಗಳ ಮೂಲಕ ಜನರ ನಡುವೆ ನೆಲೆಯೂರಿದ್ದು ನಮ್ಮ ಕರಾವಳಿಯವರಿಗೆ ಗೊತ್ತೇ ಇದೆ.

ಆದರೆ ಸ್ಕೇಟ್‌ಬೋರ್ಡಿಗೆ ಕೋಲು ಹಿಡಿದು ನಿಲ್ಲುವ ಮೇಷ್ಟ್ರು ಬೇಕಿಲ್ಲ. ಇಲ್ಲಿ ತಂಡವಿಲ್ಲ, ಸೀಟಿ ಊದುವವರಿಲ್ಲ, ಬೆಳಗ್ಗೆ ಐದಕ್ಕೆ ಎಬ್ಬಿಸುವ ಕೋಚ್ ಕೂಡ ಇಲ್ಲ. ಮನೆಯಲ್ಲಿ ನೆಮ್ಮದಿ ಕಾಣದ ಹುಡುಗನಿಗೆ ಇದು ಹಿಡಿಸುವುದೇ ಆ ಕಾರಣಕ್ಕೆ. ಇಡೀ ದಿನ ಸ್ಕೇಟ್ ಪಾರ್ಕಿನಲ್ಲೇ ಕಳೆದರೂ ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ಇಂಥವನ ಹತ್ತಿರ ಕರಪತ್ರ ಹಿಡಿದು ಹೋದ ಪ್ರಚಾರಕನಿಗೆ ಸಿಗುವುದು ಬೆನ್ನು ಮಾತ್ರ. ಅವನಿಗೂ ಹಲಗೆ ಏರಲು ಬರಬೇಕು. ಬಾರದಿದ್ದರೆ ಎಲ್ಲರೆದುರು ಬೀಳುವ ಧೈರ್ಯವಾದರೂ ಇರಬೇಕು.

ರ‍್ಯಾಂಪಿನಿಂದ ಮೊದಲ ಸಲ ಕೆಳಗಿಳಿಯುವುದನ್ನೇ ನೋಡಿ. ಇದಕ್ಕೆ ‘ಡ್ರಾಪ್ ಇನ್’ ಅನ್ನುತ್ತಾರೆ. ಹಲಗೆಯ ಬಾಲವನ್ನು ಹಿಂಗಾಲಿನಿಂದ ರ‍್ಯಾಂಪಿನ ತುದಿಗೆ ಒತ್ತಿ ಹಿಡಿಯಬೇಕು. ಉಳಿದ ಹಲಗೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಮುಂಗಾಲನ್ನು ಅದರ ಮೇಲಿಟ್ಟು, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಜೋರಾಗಿ ತುಳಿಯಬೇಕು. ಹೆದರಿ ಹಿಂದಕ್ಕೆ ವಾಲಿದರೆ ಹಲಗೆ ಮುಂದೆ ಚಿಮ್ಮುತ್ತದೆ, ಹುಡುಗ ಬೆನ್ನಡಿಯಾಗಿ ಸಿಮೆಂಟಿಗೆ ಬೀಳುತ್ತಾನೆ. ಹಾಗಾಗಿ ಕಲಿಸುವವರು ಇಳಿಜಾರಿನಲ್ಲಿ ನಿಂತು ಕಲಿಯುವವನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಇವನು ಬಿದ್ದರೆ ಅವರೂ ಬೀಳುವುದೇ. ಎಷ್ಟೋ ಗೆಳೆತನಗಳು ಶುರುವಾಗುವುದು ಅಲ್ಲಿ. ಯೇಸುವಿನ ಮಾತು ಬರುವುದು ಬಹಳ ಆಮೇಲೆ, ಬಂದರೆ.

ಹಲಗೆ ಏರಿದ ಪಾದ್ರಿಗಳ ವಲಯದಲ್ಲಿ ಎಲ್ಲರೂ ಹೇಳುವ ಹೆಸರು ಕ್ರಿಶ್ಚಿಯನ್ ಹೊಸೊಯಿ ಅವರದು. 1980ರ ದಶಕದಲ್ಲಿ ಸ್ಕೇಟ್‌ಬೋರ್ಡ್ ದಿಗ್ಗಜ ಟೋನಿ ಹಾಕ್‌ಗೆ ಸರಿಸಮನಾಗಿ ನಿಂತ ಆಟಗಾರ. ಗಾಳಿಯಲ್ಲಿ ಎರಡೂ ತೋಳು ಚಾಚಿ ಶಿಲುಬೆಯಂತೆ ತೇಲುವ ‘ಕ್ರೈಸ್ಟ್ ಏರ್’ ಅವರದೇ ಪಟ್ಟು. ಅದನ್ನು ಮಾಡುತ್ತಿದ್ದ ದಿನಗಳಲ್ಲಿ ಭಕ್ತಿಯ ಸುಳಿವೂ ಇರಲಿಲ್ಲ ಎಂಬುದು ತಮಾಷೆ. ಹದಿಹರೆಯದಲ್ಲೇ ಬಂದ ಹಣ, ಹೆಸರಿನ ಹಿಂದೆಯೇ ಮಾದಕ ವಸ್ತುವೂ ಬಂತು. 2000ದಲ್ಲಿ ಹವಾಯಿಯ ವಿಮಾನ ನಿಲ್ದಾಣದಲ್ಲಿ ಮೆಥ್ ಸಮೇತ ಸಿಕ್ಕಿಬಿದ್ದರು. ಜೈಲಿನಲ್ಲಿ ಬೈಬಲ್ ಹಿಡಿದು, 2004ರಲ್ಲಿ ಹೊರಬಂದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪಾದ್ರಿಯಾದರು. ಲಿವರ್‌ಪೂಲ್‌ನಿಂದ ಹದಿಹರೆಯದಲ್ಲೇ ಅಮೆರಿಕಕ್ಕೆ ಹೋದ ಬ್ರಯಾನ್ ಸಮ್ನರ್ ಕೂಡ ಇದೇ ದಾರಿಯವರು. ಹಾಕ್ ಅವರ ಕಂಪನಿಯ ಪರ ಆಡಿದರು, ಸಂಸಾರ ಮುರಿಯಿತು, ನಂಬಿಕೆ ಹುಟ್ಟಿದ ಮೇಲೆ ಅದೇ ಹೆಂಡತಿಯನ್ನು ಮತ್ತೆ ಮದುವೆಯಾದರು. ಈಗ ದೇಶ ದೇಶ ಸುತ್ತಿ ಉಪದೇಶ ಮಾಡುತ್ತಾರೆ.

ಇಂಥ ಪರಿಚಿತ ಮುಖಗಳ ಹಿಂದೆ ಹೆಸರಿಲ್ಲದವರ ದೊಡ್ಡ ಪಡೆಯೇ ಇದೆ. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಕಟ್ಟಿದ ‘ಯೂತ್ ವಿತ್ ಎ ಮಿಷನ್’ನಂಥ ಸಂಸ್ಥೆಗಳು ಯುವಕರಿಗೆ ಕೆಲವು ತಿಂಗಳು ತರಬೇತಿ ಕೊಟ್ಟು ಹೊರದೇಶಕ್ಕೆ ಕಳಿಸುತ್ತವೆ. ಸ್ಕೇಟ್‌ಬೋರ್ಡ್ ಬಲ್ಲವರು ಅದನ್ನೂ ಹೊತ್ತೊಯ್ಯುತ್ತಾರೆ, ಜತೆಗೆ ಒಂದಷ್ಟು ಬೇರಿಂಗು, ಚಕ್ರ. ಹಲಗೆ ಸಾಮಾನ್ಯವಾಗಿ ಏಳು ಪದರ ಮೇಪಲ್ ಮರದ್ದು, ತಪ್ಪಾಗಿ ನೆಲಕ್ಕಿಳಿದರೆ ಎರಡು ತುಂಡು. ಸ್ಕೇಟ್ ಅಂಗಡಿಯೇ ಇಲ್ಲದ ಊರಿನಲ್ಲಿ ಅಲ್ಲಿಗೆ ಹುಡುಗನ ಆಟ ಮುಗಿಯಿತು. ಆ ಹೊತ್ತಿಗೆ ಬಿಳಿಯನೊಬ್ಬ ಚೀಲದಿಂದ ಹೊಸ ಹಲಗೆ ತೆಗೆದು ಕೊಟ್ಟರೆ?

ಅನುಮಾನ ಏಳುವುದೂ ಅಲ್ಲೇ. ಹಲಗೆ ಕೊಟ್ಟವನ ದೇವರನ್ನು ಬೇಡ ಅನ್ನುವುದು ಹದಿನಾಲ್ಕರ ಬಡ ಹುಡುಗನಿಗೆ ಸುಲಭವಲ್ಲ. ಬೇಸಿಗೆ ರಜೆಯಲ್ಲಿ ಎರಡು ವಾರಕ್ಕೆ ಬಂದು, ಫೋಟೊ ತೆಗೆಸಿಕೊಂಡು ಹೊರಡುವ ತಂಡಗಳಂತೂ ಹುಡುಗನಿಗೆ ಕೊಡುವುದು ಇನ್ನೊಂದು ಅಗಲಿಕೆಯನ್ನೇ. ಅಪ್ಪ ಬಿಟ್ಟುಹೋದ ಮನೆಯವನಿಗೆ ಅದು ಚಿಕ್ಕ ಪೆಟ್ಟಲ್ಲ. ಹಲಗೆ ಉಚಿತ, ಉಪದೇಶಕ್ಕೆ ಒತ್ತಾಯವಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬೈಬಲ್ ತರಗತಿಗೆ ಬಾರದವನ ಮುರಿದ ಚಕ್ರವನ್ನೂ ರಿಪೇರಿ ಮಾಡಿಕೊಡುತ್ತಾರೆಯೇ ಎಂದು ನೋಡಬೇಕು.

ಧರ್ಮದ ಗೊಡವೆಯಿಲ್ಲದೆ ಇದೇ ಕೆಲಸ ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಒಲಿವರ್ ಪರ್ಕೊವಿಚ್ 2007ರಲ್ಲಿ ಕಾಬೂಲ್‌ಗೆ ಹೋದಾಗ ಬೀದಿ ಮಕ್ಕಳು ಅವರ ಹಲಗೆಗೆ ಮುತ್ತಿಕೊಂಡರು. ಅದೇ ‘ಸ್ಕೇಟಿಸ್ತಾನ್’ ಶಾಲೆಯಾಯಿತು. ಮಧ್ಯಪ್ರದೇಶದ ಜನವಾರ್ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಸ್ಕೇಟ್ ಪಾರ್ಕ್ ಕಟ್ಟಿಸಿ ಹಾಕಿದ ನಿಯಮ: ಶಾಲೆಗೆ ಹೋಗದವರಿಗೆ ಆಟವಿಲ್ಲ, ಹಲಗೆ ಮೊದಲು ಹೆಣ್ಣುಮಕ್ಕಳಿಗೆ. ಅಲ್ಲಿನ ಆಶಾ ಗೋಂಡ್ 2018ರಲ್ಲಿ ಚೀನಾದ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಹೋಗಿಬಂದಳು. ಇನ್ನು ಬೇರೆ ಧರ್ಮದ ಉದಾಹರಣೆ ಬೇಕೆಂದರೆ, ನಮ್ಮ ಮೂಲ್ಕಿಯಲ್ಲಿ ಕೃಷ್ಣಭಕ್ತ ಸನ್ಯಾಸಿಯಾದ ಅಮೆರಿಕದ ಜಾಕ್ ಹೆಬ್ನರ್ ಆಶ್ರಮದ ಜತೆಗೇ ಸರ್ಫಿಂಗ್ ಹಲಗೆಯನ್ನೂ ತಂದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಹೆಸರಾದರು; ದೇಶದಲ್ಲಿ ಆ ಕ್ರೀಡೆ ಬೇರೂರಿದ ಮೊದಲ ತಾಣಗಳಲ್ಲಿ ಮೂಲ್ಕಿಯೂ ಒಂದು.

ದಕ್ಷಿಣ ಆಫ್ರಿಕಾದ ಡಲ್ಲಾಸ್ ಓಬರ್‌ಹೋಲ್ಜರ್ ಅವರದು ಮತ್ತೂ ಬೇರೆ ಬಗೆ. ಅವರು ಪಾದ್ರಿಯಲ್ಲ. ಕ್ವಾಜುಲು-ನಟಾಲ್‌ನ ಬೆಟ್ಟಗಳ ನಡುವಿನ ಇಸಿತುಂಬಾ ಎಂಬ ಜುಲು ಹಳ್ಳಿಯಲ್ಲಿ ರ‍್ಯಾಂಪ್ ಕಟ್ಟಿ ಊರ ಮಕ್ಕಳ ಜತೆ ಆಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿದಾಗ, 46ರ ವಯಸ್ಸಿನಲ್ಲಿ ದೇಶದ ಪರ ಕಣಕ್ಕಿಳಿದರು. ಅವರ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಕೀಗನ್ ಪಾಮರ್‌ಗೆ 18 ವರ್ಷ. ಡಲ್ಲಾಸ್‌ಗೆ ಸಿಕ್ಕಿದ್ದು ಕಟ್ಟಕಡೆಯ ಸ್ಥಾನ. ಮೂರು ವರ್ಷ ಬಿಟ್ಟು ಪ್ಯಾರಿಸ್‌ಗೂ ಹೋದರು, 49ರಲ್ಲಿ.