ಚಪ್ಪಾಳೆಯ ಲೆಕ್ಕ, ನ್ಯೂಟನ್ನನ ಲೆಕ್ಕ

ಕುಂಬಳೆ ಬೆಡಿಯನ್ನು ದೂರದಿಂದ ನೋಡಿದವರಿಗೆಲ್ಲ ತಿಳಿದ ಸಂಗತಿ: ಬೆಳಕು ಮೊದಲು, ಸದ್ದು ಆಮೇಲೆ. ಬೆಳಕು ಕಂಡು ಮೂರು ಸೆಕೆಂಡಿಗೆ ಸದ್ದು ಕೇಳಿದರೆ ನಡುವಿನ ದೂರ ಸುಮಾರು ಒಂದು ಕಿಲೋಮೀಟರು. ಆದರೆ ಶಬ್ದದ ಈ ವೇಗವನ್ನು ನಾವೇ ಅಳೆಯುವುದು ಹೇಗೆ? ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ಶನಿವಾರ ಪೂರ್ತಿ ಈ ಕೆಲಸಕ್ಕೆ ನಿಂತಳು.

ಸಾಮಗ್ರಿ ಹೆಚ್ಚೇನಿಲ್ಲ. ಶಾಲೆಯ ಉದ್ದನೆಯ ಗೋಡೆ, ಅಳತೆಯ ಟೇಪು, ಒಂದು ಸ್ಟಾಪ್‌ವಾಚು, ಎರಡು ಕೈ. ಗೋಡೆಯಿಂದ 50 ಮೀಟರು ದೂರದಲ್ಲಿ ಚಪ್ಪಾಳೆ ತಟ್ಟಿದರೆ ಶಬ್ದ ಹೋಗಿ ಬರುವ ದಾರಿ 100 ಮೀಟರು. ಪ್ರತಿಧ್ವನಿಯು (ಮಲಯಾಳದಲ್ಲೂ ಇದೇ ಪದ, ಪಕ್ಕದ ವಿಭಾಗದ ಮಕ್ಕಳಿಗೆ ವಿವರಿಸಲು ಕಷ್ಟವಾಗಲಿಲ್ಲ) ಎರಡು ಚಪ್ಪಾಳೆಗಳ ಸರಿ ನಡುವೆ ಬೀಳುವಂತೆ ತಾಳ ಹಿಡಿಯಬೇಕು. ಚೆಂಡೆಯ ಪೆಟ್ಟು ಕೇಳಿ ಬೆಳೆದ ಮಕ್ಕಳಿಗೆ ಇದು ಬೇಗ ಒಲಿಯುತ್ತದೆ. ಹೀಗೆ ಇಪ್ಪತ್ತು ಅಂತರಗಳಿಗೆ ತಗಲುವ ಕಾಲದಲ್ಲಿ ಶಬ್ದ 4000 ಮೀಟರು ಸಾಗಬಲ್ಲದು.

ಐದು ಸಲ ಅಳೆದಳು: 11.2, 12.4, 11.9, 11.6, 13.1 ಸೆಕೆಂಡು. ಸರಾಸರಿ 12.04. ವೇಗ ಸೆಕೆಂಡಿಗೆ 332 ಮೀಟರು. ನಾವು ಬಾಯಿಪಾಠ ಮಾಡಿಸುವ ಸಂಖ್ಯೆ 340.

"ಕೊನೆಯದ್ದನ್ನು ಬಿಟ್ಟುಬಿಡು ಮಾರಾಯ್ತಿ, ಕೈ ಸೋತಿತ್ತು ಅಂತ ಬರೆ" ಎಂದರು ಗೆಳತಿಯರು. ಬಿಟ್ಟರೆ ಉತ್ತರ 339.7! ಅಂಕದ ಪ್ರಶ್ನೆಯೂ ಉಂಟಷ್ಟೆ. "ಸರ್, ಬಿಡಬಹುದೇ?" ಎಂದು ಕೇಳಿದಳು. "ಕೈ ಸೋತದ್ದು ಅಳೆಯುವಾಗ ಗೊತ್ತಾಯಿತೋ, ಉತ್ತರ ನೋಡಿದ ಮೇಲೆಯೋ?" ಎಂದೆ. ಅವಳು ಸುಮ್ಮನಾದಳು.

ಆಗ ನ್ಯೂಟನ್ನನ ಕತೆ ಹೇಳಬೇಕಾಯಿತು. ಶಬ್ದದ ವೇಗವನ್ನು ಗಣಿತದಿಂದ ಕಂಡುಹಿಡಿಯಲು ಹೊರಟ ಆ ಮಹಾನುಭಾವನಿಗೆ ಸಿಕ್ಕಿದ್ದು ಸೆಕೆಂಡಿಗೆ 979 ಅಡಿ. ವಿಲಿಯಂ ಡೆರ್ಹಾಂ ಎಂಬ ಪಾದ್ರಿ ಬಂದೂಕಿನ ಸದ್ದುಗಳಿಂದ ಅಳೆದದ್ದು 1142 ಅಡಿ. ಈ ಅಂತರವನ್ನು ತುಂಬಲು ನ್ಯೂಟನ್ 1713ರ 'ಪ್ರಿನ್ಸಿಪಿಯಾ' ಎರಡನೆಯ ಮುದ್ರಣದಲ್ಲಿ ಗಾಳಿಯ ಕಣಗಳ ದಪ್ಪವೆಂದು ಸ್ವಲ್ಪ, ಗಾಳಿಯಲ್ಲಿನ ಆವಿಯೆಂದು ಸ್ವಲ್ಪ ಸೇರಿಸಿ, ಉತ್ತರವನ್ನು ಸರಿಯಾಗಿ 1142ಕ್ಕೆ ತಂದು ನಿಲ್ಲಿಸಿದ. 1973ರಲ್ಲಿ ಇತಿಹಾಸಕಾರ ರಿಚರ್ಡ್ ವೆಸ್ಟ್‌ಫಾಲ್ ಈ ಕೈಚಳಕವನ್ನು ಬಿಡಿಸಿ ತೋರಿಸಿದರು. ನಿಜವಾದ ಕಾರಣವನ್ನು ಲಾಪ್ಲಾಸ್ 1816ರಲ್ಲಿ ಹೇಳಿದ್ದ: ಶಬ್ದ ಸಾಗುವಾಗ ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಹರಿದುಹೋಗಲು ಪುರುಸೊತ್ತಿಲ್ಲ. 979 ಅನ್ನು ಹಾಗೆಯೇ ಬಿಟ್ಟಿದ್ದರೆ ಆ ಕೊರತೆಯೇ ಯಾರನ್ನಾದರೂ ಬೇಗ ಅತ್ತ ನಡೆಸುತ್ತಿತ್ತೇನೋ.

ಇನ್ನೊಂದು ತಮಾಷೆ. ಆ ಮಧ್ಯಾಹ್ನ ತಾಪಮಾಪಕ 32 ಡಿಗ್ರಿ ತೋರಿಸುತ್ತಿತ್ತು. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ 331 ಮೀಟರು, ಡಿಗ್ರಿಗೆ ಸುಮಾರು 0.6 ಏರುತ್ತದೆ. ಅಂದರೆ ನಮ್ಮ ಮೈದಾನದಲ್ಲಿ ಬರಬೇಕಾದದ್ದು 350. ಪ್ರಸಿದ್ಧವಾದ 340 ಎಂಬುದು 15 ಡಿಗ್ರಿ ಗಾಳಿಯ ಲೆಕ್ಕ; ಕಾಸರಗೋಡಿನ ಮಧ್ಯಾಹ್ನಕ್ಕೆ ಆ ಭಾಗ್ಯವೆಲ್ಲಿ! ಒಂದು ಅಳತೆಯನ್ನು ಅಳಿಸಿ ಅವಳು ಪಡೆಯುತ್ತಿದ್ದುದು ಯಾವುದೋ ಚಳಿಯೂರಿನ ಉತ್ತರ.

ಐದೂ ಅಳತೆಗಳನ್ನು ಬರೆದು, ಕೆಳಗೆ ಒಂದು ಸಾಲು ಸೇರಿಸಿದಳು: ಐದನೆಯ ಸಲ ಚಪ್ಪಾಳೆ ಒಂದು ಹೆಚ್ಚಾಗಿರಬಹುದು, ಖಚಿತವಿಲ್ಲ. ಬರುವ ಶನಿವಾರ ಎಣಿಸುವುದು ಒಬ್ಬಳು, ಗಡಿಯಾರ ಹಿಡಿಯುವುದು ಇನ್ನೊಬ್ಬಳು ಎಂದು ಗೆಳತಿಯರಲ್ಲಿ ಮಾತಾಗಿದೆ.